ಗಿರಿಜಕ್ಕ ಜೋಡಿಸಿದ ಕಂಪ್ಯೂಟರ್

2023ರ ದೀಪಾವಳಿ ಮುಗಿದ ವಾರ. ನಾನು ಸಯನ್ ಸ್ಟೇಷನ್ನಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಆಗ ಹತ್ತೊಂಬತ್ತು ವರ್ಷವಾಗಿತ್ತು. ಅದಕ್ಕೂ ಮೊದಲು ಐದು ವರ್ಷ ಒಂದು ಸರ್ವಿಸ್ ಸೆಂಟರಿನಲ್ಲಿದ್ದೆ. ಅಲ್ಲಿ ಪಕ್ಕದ ಮೇಜಿನವನು ಪ್ರಕಾಶ. ಇಬ್ಬರೂ ವಿಜಯಪುರ ಜಿಲ್ಲೆಯವರು, ಒಂದೇ ವಯಸ್ಸಿನವರು. ನಾನು ಮೀಟರ್ ಹಿಡಿದು ಅರ್ಧ ದಿನ ಹುಡುಕಿದ ದೋಷವನ್ನು ಅವನು ಬೋರ್ಡಿನ ಮೇಲೊಮ್ಮೆ ಕಣ್ಣಾಡಿಸಿ ಹೇಳಿಬಿಡುತ್ತಿದ್ದ. ಮುಂದೆ ಅವನು ವಡಾಲದಲ್ಲಿ ಅಂಗಡಿ ಹಾಕಿದ. ನನ್ನ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ಎದುರಿಗೆ ಸಿಕ್ಕರೆ ನಗುತ್ತಿದ್ದೆ, ಹೊಟ್ಟೆಯೊಳಗೆ ಉರಿಯುತ್ತಿತ್ತು.

ಗಿರಿಜಕ್ಕ ನನ್ನ ಹಳೆಯ ಗಿರಾಕಿ. ಧಾರವಾಡದ ಕಡೆಯವರು, ಮನೆ ಆಂಟಾಪ್ ಹಿಲ್‌ನಲ್ಲಿ. ರವಿಕೆಯ ಕಸೂತಿ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಕಸೂತಿ ಯಂತ್ರಕ್ಕೆ ಬೇಕಾದ ಫೈಲ್ ಮಾಡಿಕೊಡುವುದು ಅವರ ಕೆಲಸ. ಪಕ್ಕದ ಕಾರ್ಖಾನೆಯ ಆರು ಯಂತ್ರಗಳು ಅವರ ಫೈಲಿಗಾಗಿ ಕಾಯುತ್ತಿದ್ದವು.

ಅವರು ಫೋನ್ ಮಾಡಿದರು. "ಹೊಸಾ ಕಂಪ್ಯೂಟರ್ ಭಾಳ ಸ್ಲೋ ಆಗೇತ್ರಿ. ನಡುವ ತಾನ ಬಂದ್ ಆಗಿ ಮತ್ತ ಚಾಲೂ ಆಗತೈತಿ. ಲಗ್ನದ ಆರ್ಡರ್ ಐತಿ, ಜಲ್ದಿ ಬರ್ರಿ."

"ಹೊಸಾದು ಯಾವಾಗ ತಗೊಂಡ್ರಿ?"

"ತಗೊಂಡಿಲ್ರಿ, ನಾನ ಜೋಡಿಸೀನಿ. ಪ್ರಕಾಶ ಸಾಮಾನು ಆರಿಸಿಕೊಟ್ಟು ಹೇಳಿಕೊಟ್ಟ. ಈಗ ಅವ ಊರಿಗೆ ಹೋಗ್ಯಾನ."

ಹೊಸ ಯಂತ್ರಕ್ಕೆ ನನ್ನನ್ನು ಕೇಳಿರಲಿಲ್ಲ. ಕೆಟ್ಟಾಗ ಮಾತ್ರ ನಾನು ಬೇಕಾದೆ. ಅವರು ಏನೇ ಅಂದರೂ ಜೋಡಣೆ ಅವನದೇ ಇರಬೇಕು ಎಂದುಕೊಂಡೆ. ಅವನು ಕೈಯಾಡಿಸಿದ ಯಂತ್ರದಲ್ಲಿ ತಪ್ಪು ಹುಡುಕುವ ಅವಕಾಶ ಬಿಡಲು ಮನಸ್ಸಾಗಲಿಲ್ಲ. ಹೊರಟೆ.

ಕ್ಯಾಬಿನೆಟ್ ತೆಗೆದರೆ ಒಳಗೆ ವೈರುಗಳು ಜಡೆ ಹೆಣೆದಂತೆ ಅಚ್ಚುಕಟ್ಟಾಗಿದ್ದವು. ಅದನ್ನು ಕಂಡು ಇನ್ನಷ್ಟು ಸಂಕಟವಾಯಿತು. ಒಂದು ದೊಡ್ಡ ವಿನ್ಯಾಸ ತೆರೆದು ಪರೀಕ್ಷಿಸಿದೆ. ಎರಡೇ ನಿಮಿಷದಲ್ಲಿ ಪ್ರೊಸೆಸರಿನ ಉಷ್ಣತೆ 97 ಡಿಗ್ರಿಗೆ ಏರಿತು. ಅಷ್ಟು ಕಾದರೆ ಪ್ರೊಸೆಸರ್ ಸುಟ್ಟುಹೋಗದಿರಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅದರ ಶಾಖ ಹೀರಿಕೊಳ್ಳುವ ಕೂಲರನ್ನು ಬಿಚ್ಚಿದೆ. ತಳಕ್ಕೆ ಅಂಟಿಸಿ ಬರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು! ಶಾಖವನ್ನು ತಡೆಯುವ, ಜೋಡಿಸುವ ಮೊದಲು ಕೀಳಲೇಬೇಕಾದ ಹಾಳೆ ಅದು.

"ನೋಡ್ರಿ ನಿಮ್ಮ ಪ್ರಕಾಶನ ಕೆಲಸ," ಎಂದೆ.

"ಅಲ್ರಿ, ಅದು…" ಎಂದು ಅವರು ಏನೋ ಹೇಳಹೊರಟರು. ನಾನು ಬಿಡಲಿಲ್ಲ. "ಇದು ನಿನ್ನೆ ಕಲಿತವರು ಮಾಡೋ ತಪ್ಪು" ಎಂದು ಮಾತು ಮುಂದುವರಿಸಿದೆ.

ಹಾಳೆ ಕಿತ್ತು, ಶಾಖ ದಾಟಿಸುವ ಹೊಸ ಪೇಸ್ಟ್ ಹಚ್ಚಿ ಕೂಡಿಸಿದೆ. ಉಷ್ಣತೆ 66ಕ್ಕೆ ಇಳಿಯಿತು, ಯಂತ್ರ ಓಡತೊಡಗಿತು. ಅಷ್ಟಕ್ಕೇ ಪೆಟ್ಟಿಗೆ ಮುಚ್ಚಿದೆ. ಬಿಲ್ಡಿಂಗಿನ ಮೆಟ್ಟಿಲು ಇಳಿಯುವಷ್ಟರಲ್ಲೇ ಆ ಹಾಳೆಯ ಫೋಟೊವನ್ನು ನಮ್ಮ ಭಾಗದ ರಿಪೇರಿಯವರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಕೆಳಗೆ "ವಡಾಲದ ಉಸ್ತಾದರ ಕೈಚಳಕ" ಎಂದು ಬರೆದೆ. ನಗುವ ಗುರುತುಗಳು ಸಾಲುಗಟ್ಟಿದವು. ಪ್ರಕಾಶ ಸಂದೇಶ ನೋಡಿದ, ಉತ್ತರಿಸಲಿಲ್ಲ. ಬಹಳ ದಿನಗಳ ನಂತರ ಅಂದು ಹೊಟ್ಟೆ ತುಂಬ ಉಂಡೆ.

ನಾಲ್ಕನೇ ದಿನ ಬೆಳಿಗ್ಗೆ ಗಿರಿಜಕ್ಕನ ಫೋನ್. "ಸ್ಲೋ ಇಲ್ರಿ, ಆದ್ರ ಮತ್ತ ಬಂದ್ ಆಗಾಕತ್ತೇತಿ. ನಿನ್ನಿ ಬಿಡಿಸಿದ ಡಿಸೈನ್ ಹೋತು. ಆರೂ ಮಷೀನ್ ನಿಂತಾವು. ಸಂಜೀತನಕ ಫೈಲ್ ಕೊಡಲಿಲ್ಲಂದ್ರ ಆರ್ಡರ್ ಬ್ಯಾರೇದವರಿಗೆ ಹೋಗತೈತಿ."

ಹೋದರೆ ಅಲ್ಲಿ ಪ್ರಕಾಶ ಕುಳಿತಿದ್ದ. ಊರಿನಿಂದ ಬಂದವನೇ ಸೀದಾ ಬಂದಿದ್ದ. ಫೋಟೊದ ಮಾತನ್ನೇ ಎತ್ತಲಿಲ್ಲ. "ರ‍್ಯಾಮ್ ಚೆಕ್ ಮಾಡಿದ್ದೇನೊ?" ಎಂದಷ್ಟೇ ಕೇಳಿದ.

ಮಾಡಿರಲಿಲ್ಲ. ತಾನಾಗಿ ಮತ್ತೆ ಮತ್ತೆ ಬಂದ್ ಆಗುವ ಯಂತ್ರದಲ್ಲಿ ಮೊದಲು ಅನುಮಾನಿಸಬೇಕಾದವುಗಳಲ್ಲಿ ಅದೂ ಒಂದು. ಕೆಲಸ ನಡೆಯುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಹಿಡಿದಿಡುವ ಪಟ್ಟಿ ಅದು. ಎರಡು ಪಟ್ಟಿಗಳಿದ್ದವು. ಒಂದೊಂದನ್ನೇ ಹಾಕಿ ಪರೀಕ್ಷೆ ನಡೆಸಿದೆವು. ಮೊದಲನೆಯದು ಪಾಸಾಯಿತು. ಎರಡನೆಯದನ್ನು ಹಾಕಿದ ಇಪ್ಪತ್ತು ನಿಮಿಷಕ್ಕೆ ಪರದೆಯ ತುಂಬ ದೋಷ ತೋರಿಸುವ ಕೆಂಪು ಸಾಲುಗಳು. ಕಾರ್ಖಾನೆಯಿಂದಲೇ ಕೆಟ್ಟು ಬಂದ ಪಟ್ಟಿ. ಒಳ್ಳೆಯದೊಂದನ್ನೇ ಉಳಿಸಿ ಯಂತ್ರ ಚಾಲೂ ಮಾಡಿದೆವು. ಗಿರಿಜಕ್ಕ ಊಟಕ್ಕೂ ಏಳದೆ ವಿನ್ಯಾಸವನ್ನು ಮತ್ತೆ ಬಿಡಿಸಿದರು. ಐದೂವರೆಗೆ ಫೈಲ್ ಕಾರ್ಖಾನೆ ಸೇರಿತು.

ಚಹಾ ಕೊಡುತ್ತ ಗಿರಿಜಕ್ಕ ಹೇಳಿದರು: "ಆ ಪ್ಲಾಸ್ಟಿಕ್ ತೆಗೀಲಿಕ್ಕೆ ಮರೆತಾಕಿ ನಾನ ರೀ. ಪ್ರಕಾಶ ಫೋನಿನಾಗ ಎರಡು ಸಲ ಹೇಳಿದ್ದ. ಅವತ್ತ ಹೇಳಾಕ ಬಂದೆ, ನೀವು ಕೇಳಲಿಲ್ಲ."

ಬಸ್ ಸ್ಟಾಪಿನವರೆಗೆ ಬಂದಮೇಲೆ ಪ್ರಕಾಶನನ್ನು ಕೇಳಿದೆ, "ಗ್ರೂಪಿನಾಗ ಯಾಕ ಹೇಳಲಿಲ್ಲೊ?"

"ಹೇಳಿದ್ರ ಎಲ್ಲಾರೂ ಅಕ್ಕನ್ನ ನೋಡಿ ನಗತಿದ್ರು. ಐವತ್ತೆರಡರ ವಯಸ್ಸಿನಾಗ ಮೊದಲನೇ ಮಷೀನ್ ಜೋಡಿಸ್ಯಾಳ. ಇನ್ನೊಮ್ಮೆ ಸ್ಕ್ರೂ ಡ್ರೈವರ್ ಮುಟ್ಟತಿದ್ದಳೇನು?" ಎಂದು ಅವನು ಬಸ್ ಹತ್ತಿದ.

ಅಲ್ಲೇ ನಿಂತು ಗುಂಪಿಗೆ ಬರೆದೆ: "ಆ ತಪ್ಪು ಪ್ರಕಾಶನದಲ್ಲ. ವಿಚಾರಿಸದೆ ಅವನ ಮೇಲೆ ಹಾಕಿದೆ. ಅಸಲು ದೋಷ ರ‍್ಯಾಮಿನಲ್ಲಿತ್ತು. ಅದನ್ನು ಪರೀಕ್ಷಿಸದೆ ಬಂದವನು ನಾನು." ಈ ಸಲ ಯಾರೂ ನಗುವ ಗುರುತು ಹಾಕಲಿಲ್ಲ.

ಒಂದು ಯಂತ್ರದಲ್ಲಿ ಎರಡು ದೋಷಗಳಿರಬಹುದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನನಗದು ಗೊತ್ತಿತ್ತು. ಗೊತ್ತಿಲ್ಲದ್ದೆಂದರೆ, ನಮಗೆ ಖುಷಿ ಕೊಡುವ ದೋಷ ಸಿಕ್ಕ ಕೂಡಲೇ ಕಣ್ಣು ಹುಡುಕುವುದನ್ನು ನಿಲ್ಲಿಸಿಬಿಡುತ್ತದೆ ಎಂಬುದು. ಪ್ರಕಾಶನ ಮೇಲಿನ ಹೊಟ್ಟೆಕಿಚ್ಚು ಹೋಯಿತೇ ಎಂದರೆ ಇಲ್ಲ. ಮೊದಲು ಅವನ ಕೈಚಳಕ ಕಂಡು ಕರುಬುತ್ತಿದ್ದೆ. ಈಗ ಅಂದು ಅವನು ಸುಮ್ಮನಿದ್ದುದನ್ನು ನೆನೆದು ಕರುಬುತ್ತೇನೆ.