ಮಗ್ಗುಲು ಹೊಳ್ಳುವುದು

ಮೊದಲು ಹೋದದ್ದು ಚಪ್ಪಲಿ.

ನನ್ನ ಗಂಡ ದಾನಿಯೇಲ ಮಾನ್ವಿಯಲ್ಲಿ ಸುಟ್ಟ ಮೋಟಾರಿಗೆ ತಾಮ್ರದ ತಂತಿ ಸುತ್ತುವ ತಮ್ಮದೇ ರಿವೈಂಡಿಂಗ್ ಅಂಗಡಿಯಿಂದ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬಂದರು. ಇನ್ನೊಂದು ಎಲ್ಲಿ ಕಳಚಿತೆಂದು ಕಾಲಿಗೇ ತಿಳಿದಿರಲಿಲ್ಲ. ನಾನು ನಕ್ಕೆ. ನಕ್ಕೆನೆಂದೇ ನೆನಪು. ಇವರ ಅಕ್ಕ ಮಾರ್ತಮ್ಮ ಮಾತ್ರ, ಅದಕ್ಕೂ ಮುಂಚೆ ಮಲ್ಲಟ ಹಳ್ಳಿಯ ಭಾನುವಾರದ ಪ್ರಾರ್ಥನೆಯಲ್ಲಿ ತಮ್ಮ ಬೋಧಿಸುತ್ತಲೇ ಮುಗ್ಗರಿಸಿದ್ದ ಎನ್ನುತ್ತಾಳೆ. ಅವಳು ಆ ದಿನ ದೇವದುರ್ಗದಲ್ಲಿದ್ದಳು. ಆದರೂ ಈಗ ಆ ಮುಗ್ಗರಿಸಿದ್ದು ನನಗೂ ಕಾಣಿಸುತ್ತದೆ.

ಮೊಣಕಾಲು ಹೋಯಿತು. ಸೊಂಟ. ಕೈ. ಮುಖದ ಅರ್ಧ.

ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಸಣ್ಣ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿದರು. ಕಾಲು ಅಲುಗಲಿಲ್ಲ.

"ಜಿಬಿಎಸ್ ಅಂತಾರ. ಮೈಯಾಗಿನ ಕಾವಲು ತನ್ನ ನರಗಳ ಮ್ಯಾಲೇ ತಿರುಗಿ ಬಿದ್ದದ. ಇಂಜೆಕ್ಷನ್ ಕೊಡ್ತೀವಿ. ಶಕ್ತಿ ವಾಪಸ್ ಬರ್ತದ, ಆದ್ರ ಭಾಳ ನಿಧಾನ."

"ಯಾಕ ಬಂತ್ರೀ?"

"ಭೇದಿಯೋ ಜ್ವರವೋ ಆದಮ್ಯಾಲೆ ಕೆಲವರಿಗೆ ಬರ್ತದ. ತಪ್ಪು ಯಾರದೂ ಅಲ್ಲ."

ತಪ್ಪು ಯಾರದೂ ಅಲ್ಲ ಎಂಬುದನ್ನು ತಾಳಿಕೊಳ್ಳುವುದೇ ಇವರಿಗೆ ಕಷ್ಟವಾಯಿತು.

ಭಾನುವಾರಗಳಲ್ಲಿ, ಹತ್ತಿ ಬಿಡಿಸಿ ದಣಿದ ಮಲ್ಲಟದ ಹೆಂಗಸರ ಮುಂದೆ ಇವರು ಹೇಳುತ್ತಿದ್ದ ಮಾತೊಂದಿತ್ತು. "ಪಶ್ಚಾತ್ತಾಪ ಅಂದ್ರ ಅಳೋದಲ್ಲ ಯವ್ವಾ. ಅಳೋದು ಯಾರಿಗೆ ಬರಂಗಿಲ್ಲ? ಪಶ್ಚಾತ್ತಾಪ ಅಂದ್ರ ಹೊಳ್ಳೋದು. ಈ ಕಡಿ ಹೊಂಟಾಂವ ಆ ಕಡಿ ಹೊಳ್ಳಿ ನಿಂದ್ರೋದು." ಬೈಬಲಿನ ಕನ್ನಡದಲ್ಲಿ 'ತಿರುಗಿಕೊಳ್ಳಿರಿ' ಎಂದಿದ್ದದ್ದನ್ನು ಅವರು ಹೀಗೆ ನಮ್ಮ ಬಾಯಿಗೆ ತಂದಿದ್ದರು.

ವಾರ್ಡಿನಲ್ಲಿ ನರ್ಸ್ ನಸೀಮಾಗೂ ಅದೇ ಮಾತು. "ಹೊಳ್ರಿ ಯಪ್ಪಾ, ಮಗ್ಗಲಾ ಹೊಳ್ರಿ. ಬೆನ್ನು ಹುಣ್ಣಾಗ್ತದ."

ಮೊದಲ ಸಲ ಅದನ್ನು ಕೇಳಿದಾಗ ಇವರು ಮಂಪರಿನಲ್ಲಿ ಕಣ್ಣು ಮುಚ್ಚಿಯೇ ಶುರು ಮಾಡಿದರು: "ಕರ್ತನೇ, ನಾನು ಪಾಪಿ..."

"ಪಾಪಿ ಆಮ್ಯಾಲ ಆಗೀರಂತ. ಮೊದಲು ಎಡಕ್ಕ ಆಗ್ರಿ," ಎಂದಳು ನಸೀಮಾ.

ಆಸ್ಪತ್ರೆಯ ಅಷ್ಟು ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಆಮೇಲೆ ಮಾರ್ತಮ್ಮ ಬಂದಳು. ಕೆಟ್ಟವಳಲ್ಲ. ತಮ್ಮನ ತಲೆ ಬಾಚಿದಳು, ಚಮಚದಿಂದ ಗಂಜಿ ಕುಡಿಸಿದಳು, ಬರೀ ನೆಲದ ಮೇಲೆ ಮೊಣಕಾಲೂರಿ ಪ್ರಾರ್ಥಿಸಿದಳು. ಎದ್ದವಳು ಅಂದಳು: "ಲೇ ದಾನಿ, ಒಳಗ ಏನೋ ಒಂದು ಇಟ್ಕೊಂಡೀಯಲೇ. ನೀ ಖರೇ ಹೊಳ್ಳಿದ್ರ ಇಷ್ಟೊತ್ತಿಗೆ ಎದ್ದು ಕುಂದ್ರತಿದ್ದಿ."

ಮರುದಿನ ಬೆಳಿಗ್ಗೆ ಇವರು ಯಾರನ್ನೂ ಮುಟ್ಟಗೊಡಲಿಲ್ಲ.

"ಬ್ಯಾಡ. ನಾನೇ ಹೊಳ್ಳತೀನಿ."

ಕುತ್ತಿಗೆ ಕೂಡ ಸರಿಯಾಗಿ ಏಳದ ಮನುಷ್ಯ. ಹಿಡಿದು ಹೊಳ್ಳಿಸಲು ಹೋದರೆ ಎಂಥದೋ ದನಿ ತೆಗೆಯುತ್ತಿದ್ದರು, ನಾವೇ ಕೈ ಬಿಡುತ್ತಿದ್ದೆವು. ಎರಡು ದಿನದಲ್ಲಿ ಬೆನ್ನ ಬುಡ ಕೆಂಪಾಯಿತು. ಡಾಕ್ಟರ್ ಬೆರಳೊತ್ತಿ ನೋಡಿದರು, ಕೆಂಪು ಮಾಸಲಿಲ್ಲ. "ಇದು ಬೆಡ್‌ಸೋರ್ ಶುರು ಆಗಾಕತ್ತದ. ಹಿಂಗೇ ಬಿಟ್ರ ಎಲುಬಿನ ತನಕ ಹೋಗ್ತದ," ಎಂದರು.

ಆ ಮಧ್ಯಾಹ್ನ ನಾನು ಮಂಚದ ಪಕ್ಕ ಕೂತೆ. "ಪಶ್ಚಾತ್ತಾಪ ಆದಮ್ಯಾಲೆ ನಂಬಿಕಿ ಅಂತ ಹೇಳ್ತಿದ್ರಿ. ಅದಕ್ಕ ಏನು ಅರ್ಥ ಹೇಳ್ತಿದ್ರಿ?"

ನನಗೆ ನಿಜಕ್ಕೂ ತಿಳಿಯದು. ಬೋಧನೆ ಅಲ್ಲಿಗೆ ಬರುವ ಹೊತ್ತಿಗೆ ನಾನು ಸದಾ ಚಹಾಕ್ಕೆ ಒಲೆ ಹಚ್ಚಲು ಎದ್ದಿರುತ್ತಿದ್ದೆ.

"ತಾವೇ ಹೊಳ್ಳಾಕ ಬರೋರಿಗೆ ಯೇಸು ಯಾಕ ಬೇಕಾಗಿತ್ತು? ನಮಗ ಆಗಂಗಿಲ್ಲ ಅಂತ ಗೊತ್ತಿದ್ದೇ ಆತ ಬಂದಿದ್ದಲ್ಲೇನು? ಆತನ ಕೈಗಾದ್ರೂ ಮೈ ಕೊಡ್ತೀರೋ ಇಲ್ಲೋ?"

ಇಷ್ಟು ನೆಟ್ಟಗೆ ಹೇಳಿರಲಾರೆ. ಆಮೇಲೆ ಯಾರ್ಯಾರಿಗೋ ಹೇಳುತ್ತ ಹೇಳುತ್ತ ಅದು ನೆಟ್ಟಗಾಗಿದೆ. ಮೂಗು ಒರೆಸಿಕೊಳ್ಳುತ್ತ "ನನಗ ಸಾಕಾಗ್ಯದ" ಎಂದದ್ದು ಮಾತ್ರ ಖಚಿತ.

ಇವರ ತುಟಿ ಅಲುಗಿತು. ಒಂದೇ ಮಾತು. ಅರ್ಧ ಮುಖದಿಂದ ಬಂದ ಮಾತು.

ನನಗೆ "ಹೊಳ್ಳಸು" ಎಂದು ಕೇಳಿಸಿತು. ಮಂಚದ ಆ ಬದಿ ನಿಂತಿದ್ದ ಮಾರ್ತಮ್ಮನಿಗೆ "ಹೊಚ್ಚು" ಎಂದು. ಹೊದಿಕೆ ನಿಜಕ್ಕೂ ಜಾರಿತ್ತು. ಅವಳು ಅದನ್ನು ಎತ್ತಿಕೊಂಡಳು. ನಾನು ಭುಜದ ಕೆಳಗೆ ಕೈ ಹಾಕಿದೆ. ಓಡಿ ಬಂದ ನಸೀಮಾ ಸೊಂಟ ಹಿಡಿದಳು. ಮೈ ಬಿಗಿಯಾಗಲಿಲ್ಲ. ಆ ದನಿ ಬರಲಿಲ್ಲ. ನಾವು ಹೊಳ್ಳಿಸಿದೆವು, ಮಾರ್ತಮ್ಮ ಹೊಚ್ಚಿದಳು. ಆಮೇಲೆ ಆ ಆಸ್ಪತ್ರೆಯಲ್ಲಿ ಅವಳು, ಖರೇ ಹೊಳ್ಳಿದ್ದರೆ ತಮ್ಮ ಎದ್ದು ಕೂರುತ್ತಿದ್ದ ಎಂಬ ಮಾತೆತ್ತಲಿಲ್ಲ. ಪ್ರತಿ ಸಲ ಹೊದಿಕೆ ಹಿಡಿದು ನಿಲ್ಲುತ್ತಿದ್ದಳು.

ಈಗ ಮಾನ್ವಿಯಲ್ಲಿದ್ದೇವೆ. ಬೆನ್ನಿನ ಕೆಂಪು ಹೋಗಿ ಕಪ್ಪು ಗುರುತು ಉಳಿದಿದೆ. ಇವರ ಬೆರಳುಗಳು ತಾಮ್ರದ ತಂತಿ ಹಿಡಿಯುತ್ತವೆ, ಆದರೆ ಅದು ಬೆರಳಿಗೆ ತಿಳಿಯುವುದಿಲ್ಲ. ಕಣ್ಣಿಂದ ನೋಡಿಯೇ ಹಿಡಿಯಬೇಕು. ಆ ದಿನ ಏನಂದಿರಿ ಎಂದು ಕೇಳಿದೆ. "ನೆನಪಿಲ್ಲ. ಥಂಡಿ ಇತ್ತು," ಎಂದರು.

ಇರಬಹುದು. ನಾನು ವಾದಿಸಲಿಲ್ಲ.

ಬಲಕ್ಕೆ ತಾವೇ ಹೊಳ್ಳುತ್ತಾರೆ. ಎಡಕ್ಕೆ ನನ್ನನ್ನು ಕರೆಯುತ್ತಾರೆ.