ಕೊನೆಯ ದ್ರಾಕ್ಷಿ ಬಳ್ಳಿಯನ್ನು ಮಣ್ಣಿಗಿಳಿಸಿದ ಬೆಳಗು

ಕಾರ್ತಿಕ ಶುದ್ಧ ಪಂಚಮಿ, ಬೆಳಗ್ಗೆ ಆರೂವರೆ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ಮಿರಜಿನಿಂದ ಮ್ಹೈಸಾಳಕ್ಕೆ ಹೋಗುವ ದಾರಿಯ ದ್ರಾಕ್ಷಿ ತೋಟದಲ್ಲಿ ನಾಲ್ವರಿದ್ದೆವು: ತೋಟದ ಒಡೆಯರಾದ ಇಟಲಿಯ ಅಜ್ಜ, ಅವರ ಮಗಳು, ನಮ್ಮ ಕಾಕಾ, ನಾನು. ನನಗಾಗ ಇಪ್ಪತ್ತೆರಡು.

ಸಾಂಗಲಿಯ ವಾಡೆಯೊಂದಕ್ಕೆ ಅಮೃತಶಿಲೆ ಹಾಸಲು ಅಜ್ಜ ತರುಣರಿದ್ದಾಗ ತಂದೆಯ ಜೊತೆ ಬಂದವರು. ಬರುವಾಗ ತಮ್ಮೂರಿನ ದ್ರಾಕ್ಷಿ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಹಡಗಿನಲ್ಲಿ ತಂದಿದ್ದರು. ಅವೇ ಇಲ್ಲಿ ಅರವತ್ತು ಬಳ್ಳಿಗಳಾಗಿ ಹಬ್ಬಿದವು.

ಯುದ್ಧ ಬಂದಾಗ ಇಂಗ್ಲಿಷರು ಶತ್ರುದೇಶದವರೆಂದು ಅಜ್ಜ, ಮಗಳು ಇಬ್ಬರನ್ನೂ ದೂರದ ಕ್ಯಾಂಪಿನಲ್ಲಿಟ್ಟರು. ತೋಟದ ಹೊಣೆ ಪಕ್ಕದ ವೀಳ್ಯದ ಎಲೆಬಳ್ಳಿ ತೋಟದ ನಮ್ಮ ಕಾಕಾ ಅವರ ಮೇಲೆ ಬಿತ್ತು. ಅವರು ಒಂದು ದಿನವೂ ತಪ್ಪಿಸಲಿಲ್ಲ. ಎಲೆಬಳ್ಳಿಗೆ ಮಾಡಿದಂತೆ ದಿನವೂ ನೀರು ಬಿಟ್ಟರು. ನಡುನಡುವೆ ಚೊಗಚಿ ಗಿಡ ಬೆಳೆಸಿ ದಟ್ಟ ನೆರಳು ಮಾಡಿದರು. ದ್ರಾಕ್ಷಿಗೆ ಎರಡೂ ಮಾರಕ. ಒಡೆಯರು ಮರಳಿದಾಗ ಉಳಿದದ್ದು ಒಂದೇ ಬಳ್ಳಿ, ಅದರ ಬುಡವೂ ಮುಕ್ಕಾಲು ಕೊಳೆತಿತ್ತು. ಅವರ ಊರಿನ ಮೂಲ ತೋಟ ಬಾಂಬಿಗೆ ಸುಟ್ಟುಹೋಯಿತೆಂದು ಕಾಗದ ಬಂದಿತ್ತು. ಈ ಬಳ್ಳಿ ಹೋದರೆ ಅದರ ವಂಶವೇ ಮುಗಿಯುತ್ತಿತ್ತು.

“ದಿನಾ ಎರಡ ತಾಸ ನೀರ ಬಿಟ್ಟೇನ್ರಿ. ನನ್ನ ಕೈಯಾರೆ ಕೊಳಸೇನಿ,” ಎಂದರು ಕಾಕಾ, ತಲೆ ಎತ್ತದೆ.

ಮಿರಜಿನಲ್ಲೇ ಹುಟ್ಟಿದ ಮಗಳ ಮಾತು ನಮ್ಮಂತೆಯೇ. “ಹೊಸಾ ಸೊಸಿ ಬಂದಂಗ ನೆರಳಾಗ ಕುಂದ್ರಿಸಿ ಉಪಚಾರ ಮಾಡೀರಿ, ಕಾಕಾ. ಇನ್ನರೆ ಅದಕ್ಕ ಕೆಲಸಾ ಹಚ್ಚರಿ!”

ಕಾಕಾ ನಗಲಿಲ್ಲ. “ನಮ್ಮ ಎಲಿಬಳ್ಳಿ ವರ್ಷಕ್ಕೊಮ್ಮೆ ಕೆಳಗ ಇಳಿಸಿ ಮಣ್ಣಾಗ ಮುಚ್ಚತೇವಿ. ಗಿಣ್ಣಿಗೆ ಹೊಸಾ ಬೇರ ಬರ್ತಾವ. ಇದಕ್ಕೂ ಹಂಗ ಮಾಡೂಣೇನ್ರಿ?”

ಅಜ್ಜ ಮೊಣಕಾಲೂರಿ ಕೂತು ಮಣ್ಣು ತೋಡತೊಡಗಿದರು. “ನಮ್ಮಪ್ಪನೂ ಹಿಂಗ ಮಾಡ್ತಿದ್ದ,” ಎಂದರು.

ಏಳೂಕಾಲಿಗೆ ಒಂದು ಮೊಳ ಆಳದ ಗುಂಡಿ ಸಿದ್ಧವಾಯಿತು. ನಾನು ಹೊಳೆಯ ಮರಳು, ಹಳೆಯ ಗೊಬ್ಬರ ಬೆರೆಸಿದೆ. ಕಾಕಾ ಎಲೆಬಳ್ಳಿಯೆಂಬಂತೆ ದ್ರಾಕ್ಷಿ ಬಳ್ಳಿಯನ್ನು ಒಮ್ಮೆಲೇ ಬಗ್ಗಿಸಿದರು. ಚಟ್ಟೆಂದಿತು. ಅವರ ಕೈ ಅಲ್ಲೇ ನಿಂತುಬಿಟ್ಟಿತು.

“ಸಾವಕಾಶ,” ಎಂದು ಅಜ್ಜ ಬಳ್ಳಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಸೀಳಿದ್ದು ಸಿಪ್ಪೆ ಮಾತ್ರ, ಒಳಗೆ ಹಸಿರಿತ್ತು. ಒದ್ದೆ ಬಟ್ಟೆ ಹಿಂಡುವಂತೆ ಎರಡೂ ಕೈಯಿಂದ ಮೆಲ್ಲಗೆ ತಿರುವಿದರು. ಒಳಗಿನ ನಾರು ಎಳೆಎಳೆಯಾಗಿ ಬಿಡುವ ಸಪ್ಪಳ ಕೇಳಿಸಿತು. ನೋಡನೋಡುತ್ತಿದ್ದಂತೆ ಆ ಒಣಕಟ್ಟಿಗೆಯಂಥ ಬಳ್ಳಿ ಹಗ್ಗದಂತೆ ಬಾಗಿ ಗುಂಡಿಯಲ್ಲಿ ಮಲಗಿತು. ಚಿಗುರೊಡೆಯುವ ಎರಡು ಕಣ್ಣಿರುವ ತುದಿಯಷ್ಟೇ ಹೊರಗುಳಿಯಿತು. ಮುಂದೆ ಆ ಎರಡು ಕಣ್ಣುಗಳಿಂದಲೇ ಇಡೀ ಸಾಲು ಹಬ್ಬಿತು. ಅಂದು ಅದು ಯಾರಿಗೆ ಗೊತ್ತಿತ್ತು?

ಮಣ್ಣು ಮುಚ್ಚುವಾಗ ನಾನು ಅಜ್ಜ, ಕಾಕಾ ಇಬ್ಬರ ಕೈಗಳನ್ನೇ ನೋಡಿದೆ. ಇಬ್ಬರೂ ಅಂಗೈಯ ಬುಡದಿಂದ ಒತ್ತಿದರು, ಇಬ್ಬರೂ ನೀರು ನಿಲ್ಲಲು ಏರಿನ ಕಡೆಗೆ ಒಂದೇ ಗಾತ್ರದ ಪಾತಿ ಬಿಟ್ಟರು. ಒಬ್ಬರಿಗೊಬ್ಬರು ಹೇಳಿಕೊಟ್ಟಿರಲಿಲ್ಲ.

ಕಾಕಾ ನೀರಿನ ಕೊಡವನ್ನು ಮುಟ್ಟದೆ ದೂರ ನಿಂತರು. ಅಜ್ಜ ಅದನ್ನು ತಂದು ಅವರ ಕೈಗೇ ಕೊಟ್ಟರು. “ಇವತ್ತ ಒಂದು ಕೊಡ. ಆಮ್ಯಾಗ ಎಂಟ ದಿನಕ್ಕೊಮ್ಮೆ. ನೀವ ಹಾಕಬೇಕು.”

“ಒಂಬತ್ತ ದಿನಾ ಆದ್ರ ನಡೀತದ, ಕಾಕಾ. ಏಳು ನಡ್ಯಂಗಿಲ್ಲ!” ಎಂದಳು ಮಗಳು. ಆಗ ಕಾಕಾ ನಕ್ಕರು, ಕಣ್ಣೊರೆಸಿಕೊಂಡರು.

ನೀರು ಹಾಕಿ, ಕೊಡಲಿ ತೆಗೆದುಕೊಂಡು, ಬಳ್ಳಿಯ ಮೇಲೆ ನೆರಳು ಚೆಲ್ಲಿದ್ದ ಚೊಗಚಿಗಳನ್ನು ಅವರೇ ಕಡಿದರು. ಕೊನೆಯದು ಹತ್ತೂಕಾಲಿಗೆ ಬಿತ್ತು. ಸೊಪ್ಪನ್ನು ಎಮ್ಮೆಗಳಿಗೆಂದು ಕಟ್ಟಿ ಬಂಡಿಗೆ ಹೇರಿದೆವು.