ಮಾವನ ಔಷಧಿಗೆ ಬಿದ್ದ ಮೊಟ್ಟೆ

ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ನನ್ನ ಮಾವ ದಿನಾ ಸಂಜೆ ಒಂದು ಸಣ್ಣ ಸ್ಟೀಲ್ ಲೋಟದಲ್ಲಿ ವೈನ್ ತೆಗೆದುಕೊಳ್ಳುತ್ತಾರೆ. ಈ ಎರಡು ಮಾತಿಗೆ ತಾಳಮೇಳ ಇಲ್ಲವಲ್ಲ ಅನ್ನುವವರು ಬಸವೇಶ್ವರನಗರದ ನಮ್ಮ ಮನೆಗೆ ಸೊಸೆಯಾಗಿ ಬಂದು ನಾಲ್ಕು ದಿನ ಇದ್ದು ನೋಡಬೇಕು. ಕುಡಿಯುವುದು ಬೇರೆ, ತೆಗೆದುಕೊಳ್ಳುವುದು ಬೇರೆ. ಔಷಧಿಯನ್ನು ಯಾರೂ ಕುಡಿಯುವುದಿಲ್ಲ, ತೆಗೆದುಕೊಳ್ಳುತ್ತಾರೆ.

ಔಷಧಿ ಎಂದು ಡಾಕ್ಟರೇನೂ ಬರೆದುಕೊಟ್ಟಿರಲಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಮೇಲೆ ಮಾವ ತಪಾಸಣೆಗೆ ಹೋದಾಗಲೆಲ್ಲ, "ಸ್ವಲ್ಪ ರೆಡ್ ವೈನ್ ತಗೊಂಡ್ರೆ ಹಾರ್ಟಿಗೆ ಒಳ್ಳೇದಂತೆ, ಹೌದಾ ಡಾಕ್ಟ್ರೇ?" ಎಂದು ಕೇಳುತ್ತಿದ್ದರು. ಒಂದು ದಿನ ಆ ಪುಣ್ಯಾತ್ಮ ಫೋನ್ ನೋಡುತ್ತಾ ತಲೆಯಾಡಿಸಿಬಿಟ್ಟರು. ತಲೆ ಯಾವ ದಿಕ್ಕಿಗೆ ಆಡಿತು ಎಂಬುದರಲ್ಲಿ ನನಗೆ ಇವತ್ತಿಗೂ ಅನುಮಾನವಿದೆ. ಈಗಿನ ಡಾಕ್ಟರುಗಳು ಅದೂ ಬೇಡ ಅನ್ನುತ್ತಾರಂತೆ. ಆ ಸುದ್ದಿಯನ್ನು ಮನೆಯೊಳಕ್ಕೆ ತರುವ ಧೈರ್ಯ ಯಾರಿಗೂ ಬಂದಿಲ್ಲ.

ಬಾಟಲಿ ತರುವ ಕೆಲಸ ಮಾವನದೇ. ನಮ್ಮ ರಸ್ತೆಯ ಕೊನೆಯಲ್ಲೇ ಅಂಗಡಿ ಇದ್ದರೂ ಅವರು ಬಸ್ ಹತ್ತಿ ವಿಜಯನಗರಕ್ಕೆ ಹೋಗಿ, ತರಕಾರಿ ಚೀಲದಲ್ಲಿ ಕೊತ್ತಂಬರಿ ಸೊಪ್ಪಿನ ಕೆಳಗೆ ಇಟ್ಟುಕೊಂಡು ಬರುತ್ತಿದ್ದರು. ಅದರ ಜಾಗ ಅಡುಗೆಮನೆಯ ಮೇಲಿನ ಕಪಾಟಿನಲ್ಲಿ, ಉಪ್ಪಿನಕಾಯಿ ಜಾಡಿಯ ಹಿಂದೆ. ಬಗ್ಗಿಸಿ ಕೊಡುವ ಅಧಿಕಾರ ನನ್ನ ಅತ್ತೆಗೆ ಮಾತ್ರ. ಖಾಲಿಯಾದ ಬಾಟಲಿಗಳನ್ನು ಅವರೇ ಸೀಗೆಪುಡಿ ಹಾಕಿ ತೊಳೆದು ಕೊಬ್ಬರಿ ಎಣ್ಣೆ ತುಂಬಿಸಿಡುತ್ತಿದ್ದರು. ನಮ್ಮ ಮನೆಯವರ ಕೂದಲು ಫ್ರಾನ್ಸಿನವರ ಹಾಗಾಗುತ್ತದೆ ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಈ ವಿಷಯ ಬರೆಯುತ್ತಲೇ ಇರಲಿಲ್ಲ. ಆದರೆ ಆ ಲೋಟದ ಜೊತೆಗೆ ಒಂದು ಅರ್ಧ ಗಂಟೆ ಬರುತ್ತಿತ್ತು. ಮಾವ ಬ್ಯಾಂಕಿನಲ್ಲಿದ್ದವರು. ಕೆಲಸವಿದ್ದಷ್ಟು ಕಾಲವೂ ವರ್ಗಾವಣೆ, ಊರೂರು. ಅತ್ತೆ ಮಕ್ಕಳ ಶಾಲೆ ಎಂದು ಇಲ್ಲೇ ಉಳಿದವರು. ರಿಟೈರ್ ಆಗಿ ಮನೆಗೆ ಬಂದ ಮೇಲೆ ಇಬ್ಬರಿಗೂ ಏನು ಮಾತಾಡಬೇಕೆಂದು ಗೊತ್ತಿರಲಿಲ್ಲ. "ಕಾಫಿ ಆಯ್ತಾ", "ಗ್ಯಾಸ್ ಬಂತಾ", ಅಲ್ಲಿಗೆ ಮುಗಿಯಿತು. ಔಷಧಿ ಶುರುವಾದ ಮೇಲೆ ಸಂಜೆ ಹಿಂದಿನ ವರಾಂಡದಲ್ಲಿ ಇಬ್ಬರೂ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮಾವ ಯಾವುದೋ ಊರಿನ ಮ್ಯಾನೇಜರ್ ಲಾಕರಿನೊಳಗೆ ಹಲಸಿನ ಹಣ್ಣು ಇಟ್ಟು ಮರೆತ ಕಥೆ ಹೇಳುತ್ತಿದ್ದರು. ಮಾವ ಇಲ್ಲದಾಗ ಮನೆಗೆ ಮಂಗ ನುಗ್ಗಿ ದೇವರ ಮನೆಯಲ್ಲಿ ಕೂತಿದ್ದನ್ನು ಅತ್ತೆ ಹೇಳುತ್ತಿದ್ದರು. ಅತ್ತೆ ನಗುವುದು ಅಡುಗೆಮನೆಗೆ ಕೇಳಿಸುತ್ತಿತ್ತು. ಅಮ್ಮ ಹೀಗೆ ನಗುತ್ತಾರೆ ಅನ್ನುವುದು ನನ್ನ ಗಂಡನಿಗೇ ಗೊತ್ತಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. ನನ್ನ ಗಂಡ ನನ್ನ ಹತ್ತಿರ ಅರ್ಧ ಗಂಟೆ ಮಾತಾಡಿದ್ದು ಕಾರು ಕೊಳ್ಳುವಾಗ ಮಾತ್ರ, ಅದೂ ಮೈಲೇಜಿನ ವಿಷಯ.

ಆ ಅರ್ಧ ಗಂಟೆಗೆ ಕಲ್ಲು ಹಾಕಿದ್ದು ನನ್ನ ಮಗಳು.

ಮಗಳು ಕಾಲೇಜಿನಲ್ಲಿ ಪರಿಸರ ವಿಜ್ಞಾನ ಓದುತ್ತಾಳೆ. ಕಳೆದ ವರ್ಷದಿಂದ ವೀಗನ್ ಆಗಿದ್ದಾಳೆ. ಅಂದರೆ ಹಾಲಿಲ್ಲ, ಮೊಸರಿಲ್ಲ, ದೋಸೆಗೆ ತುಪ್ಪವಿಲ್ಲ. ತುಪ್ಪ ಬಿಟ್ಟ ದಿನ ಅತ್ತೆ ಒಂದು ಹೊತ್ತು ಊಟ ಬಿಟ್ಟಿದ್ದರು. ಮೊಟ್ಟೆಯ ವಿಷಯದಲ್ಲಿ ಮಾತ್ರ ಅಜ್ಜಿ ಮೊಮ್ಮಗಳದ್ದು ಒಂದೇ ಪಕ್ಷ. ಬೇಕರಿಯಲ್ಲಿ ಬನ್ನು ಕೊಳ್ಳುವಾಗಲೂ "ಎಗ್‌ಲೆಸ್ಸಾ?" ಎಂದು ಕೇಳುವವರು ಅತ್ತೆ. ಬಿಸ್ಕತ್ತಿನ ಪೊಟ್ಟಣವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಹಸಿರು ಚುಕ್ಕೆ ಕಂಡ ಮೇಲೇ ಒಳಗೆ ಬಿಡುವುದು.

ಒಂದು ಸಂಜೆ ಮಗಳು ವರಾಂಡಕ್ಕೆ ಬಂದು, ಬಾಟಲಿಯನ್ನು ಕೈಗೆತ್ತಿಕೊಂಡು, "ತಾತ, ಇದು ವೀಗನ್ ಅಲ್ಲ ಗೊತ್ತಾ? ವೈನ್ ತಿಳಿ ಮಾಡೋಕೆ ಮೊಟ್ಟೆ ಬಿಳಿ ಹಾಕ್ತಾರೆ. ಕೆಲವರು ಮೀನಿನ ಹೊಟ್ಟೇಲಿರೋ ಚೀಲ ಹಾಕ್ತಾರೆ. ಕೆಲವರು ಹಾಲಿನದ್ದು. ನಮ್ಮ ಕ್ಲಾಸಲ್ಲಿ ಎಥಿಕಲ್ ವೈನ್ ಅಂತ ಒಂದು ಪಾಠಾನೇ ಇತ್ತು" ಅಂದಳು.

ನಾವೆಲ್ಲ ಮಾವನ ಮುಖ ನೋಡಿದೆವು. ಪಾಪ, ಎಷ್ಟು ನೊಂದುಕೊಳ್ಳುತ್ತಾರೋ ಎಂದು. ಮಾವ ಆರಾಮಾಗಿ ಲೋಟದಲ್ಲಿದ್ದದ್ದನ್ನು ಮುಗಿಸಿದರು. ಅತ್ತೆ ಮಾತ್ರ ಕುರ್ಚಿಯಿಂದೆದ್ದರು. ನೆಟ್ಟಗೆ ವಾಶ್‌ಬೇಸಿನ್‌ಗೆ ಹೋಗಿ ಬಾಯಿ ಮುಕ್ಕಳಿಸತೊಡಗಿದರು. ಒಂದು ಸಲ, ಎರಡು ಸಲ, ಆಮೇಲೆ ಉಪ್ಪು ಹಾಕಿಕೊಂಡು.

ಒಂದು ಕ್ಷಣ ಯಾರಿಗೂ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೆ ಹೊಳೆಯಿತು. ಅತ್ತೆಯ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಸ್ಟೀಲ್ ಲೋಟವಿತ್ತು. ನಾನು ಅದನ್ನು ಜೀರಿಗೆ ಕಷಾಯ ಅಂದುಕೊಂಡಿದ್ದೆ. ನನ್ನ ಗಂಡ ಬಾಯಿ ತೆರೆದವರು ನಾನು ಕಣ್ಣು ಬಿಟ್ಟದ್ದು ನೋಡಿ ಮುಚ್ಚಿಕೊಂಡರು. ಅತ್ತೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಬಂದು, "ಇನ್ಮೇಲೆ ಇದು ಈ ಮನೇಲಿ ಬೇಡ" ಅಂದರು. ಹೆಂಡವಾಗಿ ಇಷ್ಟು ದಿನ ಉಪ್ಪಿನಕಾಯಿಯ ಪಕ್ಕ ಮರ್ಯಾದೆಯಿಂದ ಬಾಳಿದ ಬಾಟಲಿ, ಮೊಟ್ಟೆಯಾದ ಮರುಕ್ಷಣ ಹಿತ್ತಲಿನ ಬಚ್ಚಲಿಗೆ ಹೋಯಿತು.

ಮಾರನೆಯ ಸಂಜೆಯಿಂದ ವರಾಂಡದ ಕುರ್ಚಿಗಳು ಮಡಿಚಿಕೊಂಡವು. ಮಾವ ನಡುಮನೆಯಲ್ಲಿ ಕೂತು ಟೀವಿಯಲ್ಲಿ ಜಗಳ ಕೇಳತೊಡಗಿದರು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು, ಅವರೆಕಾಯಿ ಮುಗಿದರೆ ಹುಣಸೆಹಣ್ಣು. "ಕಾಫಿ ಆಯ್ತಾ", "ಗ್ಯಾಸ್ ಬಂತಾ". ಆ ನಗು ನಿಂತಿದ್ದು ನನಗೇ ಹೆಚ್ಚು ನೋಯತೊಡಗಿತು. ಯಾರದೋ ಕಾರ್ಖಾನೆಯಲ್ಲಿ ಯಾರೋ ಪೀಪಾಯಿಗೆ ಮೊಟ್ಟೆ ಒಡೆದರೆ ನಮ್ಮ ವರಾಂಡ ಯಾಕೆ ಖಾಲಿಯಾಗಬೇಕು? ಮೊಟ್ಟೆ ಹಾಕದ ವೈನ್ ಪ್ರಪಂಚದಲ್ಲಿ ಇಲ್ಲವೇ? ಪತ್ತೆ ಮಾಡಿಯೇ ಬಿಡುತ್ತೇನೆ ಎಂದು ಸೊಂಟ ಕಟ್ಟಿದೆ.

ಮೊದಲು ಬಚ್ಚಲಿಗೆ ಹೋಗಿದ್ದ ಬಾಟಲಿಯನ್ನೇ ತಿರುಗಿಸಿ ಓದಿದೆ. ಕುಡಿಯುವುದು ಆರೋಗ್ಯಕ್ಕೆ ಹಾನಿಕರ ಎಂದಿತ್ತು. ಕುಡಿದು ಗಾಡಿ ಓಡಿಸಬೇಡಿ ಎಂದಿತ್ತು. ಹಸಿರು ಚುಕ್ಕೆಯೂ ಇಲ್ಲ, ಕಂದು ಚುಕ್ಕೆಯೂ ಇಲ್ಲ. ಕಂಪನಿಗೆ ಈಮೇಲ್ ಹಾಕಿದೆ. ಎರಡು ಪುಟದ ಉತ್ತರ ಬಂತು. ಅವರು ಸೌರ ವಿದ್ಯುತ್ ಬಳಸುತ್ತಾರೆ, ಮಳೆನೀರು ಹಿಡಿಯುತ್ತಾರೆ, ಜೇನುಹುಳಗಳ ಯೋಗಕ್ಷೇಮ ನೋಡಿಕೊಳ್ಳುತ್ತಾರೆ, ಭೂಮಿತಾಯಿಗೆ ಬದ್ಧರಾಗಿದ್ದಾರೆ. ಮೊಟ್ಟೆಯ ಬಗ್ಗೆ ಚಕಾರವಿಲ್ಲ.

ಸರಿ, ಆಫೀಸಿನಿಂದ ಬರುವಾಗ ವಿಜಯನಗರದಲ್ಲಿ ಇಳಿದು ಮಾವನ ಅಂಗಡಿಗೇ ಹೋದೆ. ಬೋರ್ಡಿನ ಮೇಲೆ ದೊಡ್ಡದಾಗಿ ವೈನ್ಸ್ ಎಂದು ಬರೆದಿದೆ, ಒಳಗೆ ವೈನ್ ಬಿಟ್ಟು ಎಲ್ಲವೂ ಇದೆ. ಕಬ್ಬಿಣದ ಸರಳಿನ ಮುಂದೆ ನಿಂತಿದ್ದ ಗಂಡಸರು ನನಗೆ ದಾರಿ ಬಿಟ್ಟ ವಿನಯವನ್ನು ನಾನು ಬ್ಯಾಂಕಿನಲ್ಲೂ ಕಂಡಿಲ್ಲ. ಅಂಗಡಿಯವನು ಮೂಲೆಯಿಂದ ಧೂಳು ಹಿಡಿದ ಎರಡು ಬಾಟಲಿ ತೆಗೆದ.

"ಇದಕ್ಕೆ ಮೊಟ್ಟೆ ಹಾಕಿರ್ತಾರಾ?" ಅಂತ ಕೇಳಿದೆ.

"ಮೊಟ್ಟೆ ಪಕ್ಕದ ಗಾಡೀಲಿ ಮೇಡಂ. ಬೇಯ್ಸಿದ್ದೂ ಇದೆ, ಬುರ್ಜೀನೂ ಇದೆ."

"ಅದಲ್ಲ, ವೈನ್ ಒಳಗೆ."

ಅವನು ನನ್ನನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡಿದ. ನನ್ನ ಹಿಂದಿದ್ದ ಒಬ್ಬರು ತುಂಬ ಕಾಳಜಿಯಿಂದ, "ಅಕ್ಕ, ಮೊಟ್ಟೆ ಕುಡಿದಾದ್ಮೇಲೆ ತಿನ್ನೋದು. ಒಳಗೆ ಹಾಕಿದ್ರೆ ವಾಸನೆ ಬರುತ್ತೆ" ಅಂದರು.

ಕೊನೆಗೆ ಒಂದೇ ದಾರಿ ಉಳಿಯಿತು, ತಯಾರಿಸುವವರನ್ನೇ ಕೇಳುವುದು. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಇನ್ನೂ ಮುಂದೆ ಒಂದು ಸಣ್ಣ ದ್ರಾಕ್ಷಿ ತೋಟವಿದೆ, ವೈನ್ ಅಲ್ಲೇ ಮಾಡುತ್ತಾರೆ, ಭಾನುವಾರ ಜನರಿಗೆ ತೋರಿಸುತ್ತಾರೆ ಎಂದು ಮಗಳು ಹುಡುಕಿದಳು. ಅತ್ತೆ ಬರುವುದಿಲ್ಲ ಅಂದುಕೊಂಡಿದ್ದೆ. ಅವರು ಬೆಳಿಗ್ಗೆಯೇ ಎದ್ದು ಚಿತ್ರಾನ್ನ, ಮೊಸರನ್ನ ಕಲಸಿ, ರೇಷ್ಮೆ ಅಂಚಿನ ಸೀರೆ ಉಟ್ಟು ತಯಾರಾಗಿದ್ದರು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಕಾರು ನಿಂತಲ್ಲೇ ನಿಂತಾಗ, "ಕೇಳೋದು ನಾನೇ. ನೀವ್ಯಾರೂ ಮಧ್ಯ ಬಾಯಿ ಹಾಕ್ಬೇಡಿ" ಎಂದು ಎಲ್ಲರಿಗೂ ಎಚ್ಚರಿಕೆ ಕೊಟ್ಟರು.

ತೋಟ ತೋರಿಸಿದ್ದು ಅದೇ ಕಡೆಯ ಹಳ್ಳಿಯ ಒಬ್ಬ ಹುಡುಗಿ. ರಾಜರಾಜೇಶ್ವರಿನಗರದಿಂದ ಬಂದಿದ್ದ ಜೋಡಿಗಳಿಗೆ ಇಂಗ್ಲಿಷಿನಲ್ಲಿ, ನಮಗೆ ಕನ್ನಡದಲ್ಲಿ ವಿವರಿಸುತ್ತಿದ್ದಳು. ಹನಿ ನೀರಾವರಿ ತೋರಿಸಿದಳು, ಜೋಡಿಗಳು ಫೋಟೋ ತೆಗೆದರು. ದ್ರಾಕ್ಷಿ ಸಿಪ್ಪೆಯನ್ನು ಗೊಬ್ಬರ ಮಾಡುತ್ತೇವೆ ಅಂದಳು, ನನ್ನ ಮಗಳು ಚಪ್ಪಾಳೆ ತಟ್ಟಿದಳು. ಅತ್ತೆ ನನ್ನ ಕಿವಿಯಲ್ಲಿ, "ಸಿಪ್ಪೆ ಗೊಬ್ಬರಕ್ಕೆ ಹಾಕ್ದೆ ಇನ್ನೇನು ಫ್ರಿಜ್ಜಲ್ಲಿ ಇಡ್ತಾರಾ" ಅಂದರು. ಬಾಟಲಿ ವಾಪಸ್ ಕೊಟ್ಟರೆ ತೊಳೆದು ಮತ್ತೆ ಬಳಸುತ್ತೇವೆ ಅಂದಾಗ ಮಾತ್ರ, "ಸೀಗೆಪುಡೀಲಿ ತೊಳೀಬೇಕು" ಎಂದು ಗಟ್ಟಿಯಾಗಿ ಸಲಹೆ ಕೊಟ್ಟರು.

ದೊಡ್ಡ ದೊಡ್ಡ ಉಕ್ಕಿನ ಡ್ರಮ್ಮುಗಳ ಕೋಣೆಗೆ ಬಂದೆವು. ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಆ ಹುಡುಗಿ ಕೇಳಿದ್ದೇ ತಡ, ಅತ್ತೆ ಒಂದು ಹೆಜ್ಜೆ ಮುಂದೆ ಬಂದರು.

"ಮೊಟ್ಟೆ ಹಾಕ್ತೀಯೇನಮ್ಮ?"

ಜೋಡಿಗಳು ನಕ್ಕರು. ಆ ಹುಡುಗಿ ನಗಲಿಲ್ಲ. "ಕೆಂಪಿಗೆ ಹಾಕ್ತೀವಮ್ಮ" ಅಂದಳು. "ಒಗರು ಹೋಗ್ಲಿ ಅಂತ. ಬಿಳಿ ಭಾಗ ಮಾತ್ರ. ಅದು ಕಸ ಎಲ್ಲ ಹಿಡ್ಕೊಂಡು ಕೆಳಗೆ ಕೂತ್ಬಿಡುತ್ತೆ. ಮೇಲಿನ ತಿಳಿ ಮಾತ್ರ ಬಾಟ್ಲಿಗೆ ಹೋಗೋದು."

"ಸಾರಿಗೆ ನೊಣ ಬಿದ್ರೆ ನೊಣ ತೆಗೆದು ಊಟ ಮಾಡ್ತೀಯಾ?"

"ಇಲ್ಲಮ್ಮ."

"ಮತ್ತೆ ಬಾಟ್ಲಿ ಮೇಲೆ ಯಾಕೆ ಬರೆದಿಲ್ಲ?"

"ಇದುವರೆಗೂ ಯಾರೂ ಕೇಳಿಲ್ಲಮ್ಮ."

"ಈಗ ನಾನು ಕೇಳಿದೀನಲ್ಲ. ಬರೀರಿ."

ಆ ಹುಡುಗಿ ಹೂಂ ಅಂದಳು. ಆಮೇಲೆ, ಬಿಳಿ ವೈನಿಗೆ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ, ಒಂದು ಥರದ ಜೇಡಿಮಣ್ಣು ಹಾಕಿ ತಿಳಿ ಮಾಡುತ್ತೇವೆ ಅಂದಳು. ಮಣ್ಣು ಅಂದ ಕೂಡಲೇ ಮೂಗು ಮುರಿಯುತ್ತಾರೆ ಎಂದು ನಾನು ಕಾದೆ. ಅತ್ತೆಯ ಮುಖ ಅರಳಿತು. "ಮಣ್ಣಾದ್ರೆ ಏನೂ ತೊಂದ್ರೆ ಇಲ್ಲ. ಕೃಷ್ಣನೇ ತಿಂದಿದಾನೆ" ಅಂದರು. "ಮಣ್ಣು ವೀಗನ್ ಕಣಜ್ಜಿ" ಎಂದು ನನ್ನ ಮಗಳು ಅವರ ಕೈ ಹಿಡಿದುಕೊಂಡಳು. ತುಪ್ಪದ ಜಗಳದ ನಂತರ ಅಜ್ಜಿ ಮೊಮ್ಮಗಳು ಕೈ ಹಿಡಿದುಕೊಂಡದ್ದು ಅದೇ ಮೊದಲು.

ಕೊನೆಗೆ ಮಾರಾಟದ ಕಟ್ಟೆಯ ಹತ್ತಿರ ಬಂದೆವು. ಆ ಹುಡುಗಿ ಒಂದು ಕೆಂಪು, ಒಂದು ಬಿಳಿ ಬಾಟಲಿ ಮುಂದಿಟ್ಟು ಯಾವುದು ಕೊಡಲಿ ಎಂದಳು. ಮಾವ ಗಂಟಲು ಸರಿ ಮಾಡಿಕೊಂಡರು.

"ನನಗೇನೂ ಮೊಟ್ಟೆಗೆ ಅಭ್ಯಂತರ ಇಲ್ಲ" ಎಂದು ಬಾಟಲಿಗಳನ್ನು ನೋಡುತ್ತಾ ಹೇಳಿದರು. "ಟ್ರಾನ್ಸ್‌ಫರ್ ಮೇಲೆ ಊರೂರಲ್ಲಿ ರೂಮ್ ಮಾಡ್ಕೊಂಡಿದ್ದಾಗ ಆಮ್ಲೆಟ್ ತಿಂದಿದೀನಿ."

ನನ್ನ ಗಂಡ ಗೋಡೆ ಹಿಡಿದುಕೊಂಡರು. ಅತ್ತೆ ಅಲುಗಾಡಲಿಲ್ಲ.

"ಗೊತ್ತು" ಅಂದರು. "ಊರಿಗೆ ಬಂದಾಗ ನಿಮ್ಮ ಅಂಗಿ ಒಗೀತಿದ್ದೋಳು ನಾನೇ ಅಲ್ವಾ. ನಿಮ್ಮ ಹೊಟ್ಟೆಗೆ ನೀವು ಹಾಕ್ಕೊಂಡಿದ್ದು ನಿಮ್ದು. ನನಗೆ ಹೇಳ್ದೆ ನನ್ನ ಲೋಟಕ್ಕೆ ಹಾಕಿದ್ರಲ್ಲ ಈ ವೈನ್ ಮಾಡೋರು, ಅದು ತಪ್ಪು." ಆಮೇಲೆ ಕೆಂಪು ಬಾಟಲಿಯನ್ನು ಮಾವನ ಕಡೆಗೆ ಸರಿಸಿದರು. "ಡಾಕ್ಟ್ರು ಹೇಳಿರೋದು ಕೆಂಪು. ನೀವು ಅದನ್ನೇ ತಗೊಳ್ಳಿ. ನನಗೇನೂ ಬೇಡ."

ಗಂಡನ ಔಷಧಿಯಲ್ಲಿ ಒಂದು ಗುಟುಕು ಹಂಚಿಕೊಂಡರೆ ಅದಕ್ಕೆ ಹೆಸರಿಲ್ಲ. ತನಗೆಂದೇ ಒಂದು ಬಾಟಲಿ ಬೇಕು ಅನ್ನುವುದು ಹೇಗೆ? ಆ ಮಾತು ಅತ್ತೆಯ ಬಾಯಲ್ಲಿ ಈ ಜನ್ಮದಲ್ಲಿ ಬರುವುದಿಲ್ಲ. ಮಾವ ಕೆಂಪು ತೆಗೆದುಕೊಂಡು ಹೋದರೆ ವರಾಂಡದಲ್ಲಿ ಒಂದೇ ಕುರ್ಚಿ. ಇನ್ನು ಬಿಳಿಯದಕ್ಕೆ ಯಾವ ಡಾಕ್ಟರೂ, ಯಾವ ದಿಕ್ಕಿಗೂ ತಲೆಯಾಡಿಸಿರಲಿಲ್ಲ. ಅದನ್ನು ಕೊಂಡರೆ ಅದು ಔಷಧಿಯಲ್ಲ, ಕುಡಿತ.

ಮಾವ ಕೆಂಪು ಬಾಟಲಿಯನ್ನು ಆ ಹುಡುಗಿಗೆ ವಾಪಸ್ ಕೊಟ್ಟು, "ಬಿಳೀದು ಕೊಡಮ್ಮ" ಅಂದರು.

"ಮಾವ, ಹಾರ್ಟಿಗೆ ಕೆಂಪೇ ಅಲ್ವಾ ಹೇಳಿದ್ದು?" ನಾನು ಬಾಯಿ ಹಾಕಿಬಿಟ್ಟೆ.

"ಒಬ್ಬನೇ ಕೂತು ತಗೊಳ್ಳೋದಾದ್ರೆ ಮೆಡಿಕಲ್ ಶಾಪಲ್ಲಿ ಮಾತ್ರೆ ಸಿಗುತ್ತಲ್ಲಮ್ಮ" ಅಂದರು ಮಾವ.

ಅತ್ತೆ ಸೆರಗು ಸರಿ ಮಾಡಿಕೊಂಡರು. ಮಾವನ ಕಡೆ ನೋಡಲಿಲ್ಲ. ಕಟ್ಟೆಯ ಆಚೆಗಿದ್ದ ಹುಡುಗಿಗೆ ಹೇಳಿದರು:

"ಎರಡು ಕೊಡು. ಇವರು ಆಮ್ಲೆಟ್ ವಿಷಯ ಪೂರ್ತಿ ಹೇಳೋ ಅಷ್ಟರಲ್ಲಿ ಒಂದು ಮುಗಿದೋಗುತ್ತೆ."